ಮರಳ ತಟ್ಟೆ: ಹೊಳೆದಂಡೆಯಿಂದ ಲಂಡನ್ನಿಗೆ

ಮದ್ದೂರಿಗೆ ಹತ್ತಿರದ ವೈದ್ಯನಾಥಪುರ ಶಿಂಷಾ ನದಿಯ ದಂಡೆಯ ಊರು. ವೈದ್ಯನಾಥೇಶ್ವರನ ದರ್ಶನಕ್ಕೆ ಬರುವವರಿಗೆ ಗುಡಿಯಷ್ಟೇ ಹೊಳೆಯೂ ಮುಖ್ಯ. ಇಂಥ ಹೊಳೆದಂಡೆಯ ಊರುಗಳಲ್ಲಿ ಮಕ್ಕಳಿಗೆ ಆಟದ ಸಾಮಾನು ಕೊಂಡು ತರುವ ಅಗತ್ಯವೇ ಬೀಳುತ್ತಿರಲಿಲ್ಲ. ಒದ್ದೆ ಮರಳಿನಲ್ಲಿ ಪಾದ ಹುದುಗಿಸಿ, ಮೇಲೆ ಇನ್ನಷ್ಟು ಮರಳು ಸುರಿದು ತಟ್ಟಿ, ಉಸಿರು ಬಿಗಿಹಿಡಿದು ಕಾಲನ್ನು ಹೊರಗೆಳೆದರೆ ಗುಬ್ಬಚ್ಚಿ ಗೂಡು ಸಿದ್ಧ. ಕುಸಿದರೆ ಮತ್ತೊಂದು. ಕಡ್ಡಿ ನೆಟ್ಟರೆ ಮರ, ಬೆರಳಿನಿಂದ ಗೀರಿದರೆ ನಾಲೆ, ತೆಂಗಿನ ಚಿಪ್ಪಿಗೆ ಮರಳು ತುಂಬಿ ಬೋರಲು ಹಾಕಿದರೆ ಇಡ್ಲಿ.

ಇದೇ ಆಟ ಈಗ ಪಟ್ಟಣದ ಶಿಶುವಿಹಾರಗಳಲ್ಲಿ ತಟ್ಟೆಯೇರಿ ಕುಳಿತಿದೆ. ಅಂಚು ಎತ್ತರವಿರುವ ಅಗಲ ತಟ್ಟೆಯಲ್ಲಿ ಮರಳು, ಅಕ್ಕಿ ಅಥವಾ ನೀರು ಹಾಕಿ, ಜೊತೆಗೆ ಚಮಚ, ಬಟ್ಟಲು, ಪುಟ್ಟ ಪ್ರಾಣಿಗಳ ಗೊಂಬೆ ಇಟ್ಟು ಮಗುವಿನ ಮುಂದೆ ಇರಿಸುತ್ತಾರೆ. ಮಗು ಮುಟ್ಟಿ, ಸುರಿದು, ಅಳೆದು, ತನ್ನದೇ ಕಾಡನ್ನೋ ಊರನ್ನೋ ಕಟ್ಟುತ್ತದೆ. 'ಸೆನ್ಸರಿ ಟ್ರೇ' ಎಂಬ ಹೆಸರಿನಿಂದಾಗಿ ಇದು ಹೊರದೇಶದ ಹೊಸ ವಿಧಾನ ಎಂದು ಹಲವರು ತಿಳಿದಿದ್ದಾರೆ. ಆದರೆ ಮಗುವಿನ ಬೆರಳನ್ನು ಮರಳಿಗೆ ತಾಗಿಸಿ ಕಲಿಸುವ ಪದ್ಧತಿ ಇನ್ನೂರು ವರ್ಷಗಳ ಹಿಂದೆಯೇ ಈ ನೆಲದಿಂದ ಇಂಗ್ಲೆಂಡಿಗೆ ಹೋಗಿತ್ತು.

ಅಕ್ಕಿಯ ಮೇಲೆ ಮೊದಲ ಅಕ್ಷರ

1822ರಲ್ಲಿ ಮದರಾಸಿನ ಗವರ್ನರ್ ಸರ್ ಥಾಮಸ್ ಮನ್ರೋ ತಮ್ಮ ಪ್ರಾಂತ್ಯದ ದೇಸಿ ಶಾಲೆಗಳ ಬಗ್ಗೆ ಎಲ್ಲ ಕಲೆಕ್ಟರುಗಳಿಂದ ವರದಿ ಕೇಳಿದರು. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್ 17ರಂದು ಕಳಿಸಿದ ವರದಿ ಅವುಗಳಲ್ಲಿ ಬಹಳ ವಿವರವಾದದ್ದು. ಕನ್ನಡ, ತೆಲುಗು ಎರಡೂ ಬೆರೆತ ಆ ಜಿಲ್ಲೆಯಲ್ಲಿ ಆಗ 533 ಶಾಲೆಗಳು, 6,641 ವಿದ್ಯಾರ್ಥಿಗಳು ಇದ್ದರು.

ಐದು ವರ್ಷ ತುಂಬಿದ ಮಗುವನ್ನು ಮಠಕ್ಕೆ ಸೇರಿಸುವ ಕ್ರಮವನ್ನು ಕ್ಯಾಂಪ್‌ಬೆಲ್ ಬಣ್ಣಿಸಿದ್ದಾರೆ. ಗುರುವನ್ನೂ ಶಾಲೆಯ ಮಕ್ಕಳನ್ನೂ ಮನೆಗೆ ಕರೆಯುತ್ತಿದ್ದರು. ಗಣಪತಿಯ ಸುತ್ತ ಎಲ್ಲರೂ ಕುಳಿತ ಮೇಲೆ ಗುರು ಮಗುವಿನ ಬೆರಳು ಹಿಡಿದು ಅಕ್ಕಿಯಲ್ಲಿ ದೇವರ ಹೆಸರು ಬರೆಸುತ್ತಿದ್ದರು. ಮರುದಿನ ಬೆಳಿಗ್ಗೆ ಪಾಠ ಶುರು. ಆಗ ಅಕ್ಕಿಯ ಬದಲು ಮರಳು. ಮಗು ನೆಲದ ಮರಳಿನಲ್ಲಿ ಬೆರಳಿನಿಂದ ಅಕ್ಷರ ತಿದ್ದಿ ಕೈ ಪಳಗಿದ ಮೇಲೆಯೇ ಹಲಗೆಗೋ ಕಡತಕ್ಕೋ ಬಡ್ತಿ. ಹಲಗೆ ಎಂದರೆ ಇದ್ದಿಲ ಪುಡಿ ಬಳಿದ ಮರದ ಪಟ್ಟಿ. ಕಡತ ಎಂದರೆ ಗಂಜಿ ಹಾಕಿ, ಮಡಿಸಿ, ಇದ್ದಿಲು ಮತ್ತು ಅಂಟು ಲೇಪಿಸಿದ ಬಟ್ಟೆಯ ಪುಸ್ತಕ.

ಬಳ್ಳಾರಿಯ ಮಾತು ಇದಾದರೂ ಹಳೆ ಮೈಸೂರಿನ ಕೂಲಿಮಠಗಳ ರೀತಿಯೂ ಇದಕ್ಕಿಂತ ಬಹಳ ಬೇರೆಯಾಗಿರಲಿಲ್ಲ. ಜಗುಲಿಯ ಮೇಲೆ ಐಗಳು, ಕೆಳಗೆ ಮರಳು, ಮರಳಿನ ಮುಂದೆ ಮಕ್ಕಳು. ಖರ್ಚಿಲ್ಲ, ಸವೆಯುವ ಭಯವಿಲ್ಲ. ತಪ್ಪಿದರೆ ಅಂಗೈಯಿಂದ ಒಮ್ಮೆ ಸವರಿದರೆ ಸಾಕು. ಬಳಪ ಹಿಡಿಯುವ ಮೊದಲೇ ಅಕ್ಷರದ ತಿರುವುಗಳು ಬೆರಳಿಗೆ ಪರಿಚಯವಾಗುತ್ತಿದ್ದವು.

ಮದರಾಸಿನಿಂದ ಹೊರಟ ಮರಳು

ಕ್ಯಾಂಪ್‌ಬೆಲ್ ವರದಿ ಬರೆಯುವ ಹೊತ್ತಿಗೆ ಈ ಪದ್ಧತಿಯನ್ನು ಇಂಗ್ಲೆಂಡ್ ಆಗಲೇ ಅನುಕರಿಸಿತ್ತು. ಇದಕ್ಕೆ ಕಾರಣರಾದವರು ಆಂಡ್ರ್ಯೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿ. 1789ರಲ್ಲಿ ಅವರು ಮದರಾಸಿನ ಎಗ್ಮೋರಿನಲ್ಲಿದ್ದ, ಸೈನಿಕರ ಅನಾಥ ಮಕ್ಕಳ ಶಾಲೆಯ ಮುಖ್ಯಸ್ಥರಾದರು. ಸ್ಥಳೀಯ ಶಾಲೆಯೊಂದರಲ್ಲಿ ಮಕ್ಕಳು ನೆಲದಲ್ಲಿ ಕುಳಿತು ಮರಳಿನ ಮೇಲೆ ಬರೆಯುವುದನ್ನು ಕಂಡು ತಮ್ಮಲ್ಲೂ ಅದನ್ನೇ ಮಾಡಿಸಲು ಹೊರಟರು. ಶಿಕ್ಷಕರು ಒಪ್ಪಲಿಲ್ಲ. ಕೊನೆಗೆ ಜಾನ್ ಫ್ರಿಸ್ಕನ್ ಎಂಬ ಎಂಟು ವರ್ಷದ ಹುಡುಗನಿಗೇ ಚಿಕ್ಕ ಮಕ್ಕಳಿಗೆ ಮರಳಿನಲ್ಲಿ ಅಕ್ಷರ ಕಲಿಸುವ ಹೊಣೆ ಕೊಟ್ಟರು. ಪ್ರಯೋಗ ಗೆದ್ದಿತು.

ಬೆಲ್ ಊರಿಗೆ ಮರಳಿ 1797ರಲ್ಲಿ ಲಂಡನ್ನಿನಲ್ಲಿ ಈ ಅನುಭವವನ್ನು ಪ್ರಕಟಿಸಿದರು. 1798ರಲ್ಲಿ ಅದೇ ನಗರದಲ್ಲಿ ಶಾಲೆ ತೆರೆದ ಜೋಸೆಫ್ ಲಂಕಾಸ್ಟರ್ ಕೂಡ ಬಡ ಮಕ್ಕಳಿಗೆ ಮರಳಿನ ಮೇಲೆ ಬರೆಸಿದರು. ಹೀಗೆ ಇಲ್ಲಿ ನೆಲದ ಮೇಲೆ ಹರಡಿಕೊಂಡಿದ್ದ ಮರಳು ಅಲ್ಲಿ ಅಂಚು ಕಟ್ಟಿದ ಹಲಗೆಯನ್ನೇರಿತು. ನೂರಾರು ಮಕ್ಕಳು ಸಾಲಾಗಿ ಕುಳಿತು ಆಜ್ಞೆ ಕೇಳಿದೊಡನೆ ಒಟ್ಟಿಗೆ ಬರೆದು ಒಟ್ಟಿಗೆ ಅಳಿಸುವ ಶಿಸ್ತೂ ಅದರೊಂದಿಗೆ ಸೇರಿಕೊಂಡಿತು.

ಅಕ್ಷರದಿಂದ ಆಟಕ್ಕೆ

ಮರಳಿಗೆ ಆಟದ ಗುಣವನ್ನು ಶಾಲೆ ಮರಳಿ ಕೊಟ್ಟದ್ದು ಬಹಳ ತಡವಾಗಿ. ಜರ್ಮನಿಯ ಫ್ರೋಬೆಲ್ 1840ರಲ್ಲಿ ತನ್ನ ಶಿಶುಶಾಲೆಗೆ 'ಕಿಂಡರ್‌ಗಾರ್ಟನ್' ಎಂದು ಹೆಸರಿಟ್ಟು, ಆಟವೇ ಎಳೆಯರ ಕಲಿಕೆ ಎಂದು ಸಾರಿದ. 1907ರಲ್ಲಿ ರೋಮ್ ನಗರದಲ್ಲಿ ಶಿಶುಗೃಹ ಆರಂಭಿಸಿದ ಮರಿಯಾ ಮಾಂಟೆಸ್ಸರಿ ಒರಟು ಕಾಗದದ ಅಕ್ಷರಗಳ ಮೇಲೆ ಮಕ್ಕಳಿಂದ ಬೆರಳಾಡಿಸಿದರು. 1939ರಲ್ಲಿ ಭಾರತಕ್ಕೆ ಬಂದ ಆಕೆ ಯುದ್ಧದ ಕಾರಣ 1946ರವರೆಗೆ ಇಲ್ಲೇ ಉಳಿದು, ಮದರಾಸು, ಕೊಡೈಕೆನಾಲ್‌ಗಳಲ್ಲಿ ನೆಲೆಸಿ ಶಿಕ್ಷಕರನ್ನು ತರಬೇತುಗೊಳಿಸಿದರು. ಲಂಡನ್ನಿನಲ್ಲಿ 1928ರಲ್ಲಿ ಮಕ್ಕಳ ಚಿಕಿತ್ಸಾಲಯ ತೆರೆದ ವೈದ್ಯೆ ಮಾರ್ಗರೆಟ್ ಲೋವೆನ್‌ಫೆಲ್ಡ್ ಮರಳ ತಟ್ಟೆಯನ್ನೂ ಪುಟ್ಟ ಗೊಂಬೆಗಳನ್ನೂ ಮಕ್ಕಳ ಕೈಗೆ ಕೊಟ್ಟರು. ಬಾಯಲ್ಲಿ ಹೇಳಲಾಗದ ದುಃಖವನ್ನೂ ಭಯವನ್ನೂ ಮಕ್ಕಳು ಆ ತಟ್ಟೆಯಲ್ಲಿ ಕಟ್ಟಿ ತೋರಿಸುತ್ತಿದ್ದರು.

ತಟ್ಟೆಯಲ್ಲಿ ಪುಟ್ಟ ಲೋಕ ಕಟ್ಟುವುದು ಮಂಡ್ಯ, ಮೈಸೂರು ಕಡೆಯ ಮನೆಗಳಿಗೂ ಹೊಸದಲ್ಲ. ನವರಾತ್ರಿಯ ಗೊಂಬೆ ಹಬ್ಬಕ್ಕೆ ಕೆಲವು ದಿನ ಮೊದಲು ಅಗಲ ತಟ್ಟೆಯಲ್ಲಿ ಮಣ್ಣು ಹರಡಿ ರಾಗಿಯನ್ನೋ ಸಾಸಿವೆಯನ್ನೋ ಚೆಲ್ಲುತ್ತಾರೆ. ಹಬ್ಬದ ಹೊತ್ತಿಗೆ ಹಸಿರು ಚಿಗುರಿ ಅದು 'ಪಾರ್ಕು' ಆಗುತ್ತದೆ. ಒಡೆದ ಕನ್ನಡಿಯ ಚೂರು ಅಲ್ಲಿ ಕೆರೆ. ಅದರ ದಡದಲ್ಲಿ ನೆರೆಯ ಚನ್ನಪಟ್ಟಣದ ಅರಗಿನ ಬಣ್ಣದ ಮರದ ಗೊಂಬೆಗಳು. ಇನ್ನು ಅಜ್ಜಿ ಮೊರದಲ್ಲಿ ರಾಗಿ ಹಸನು ಮಾಡುವಾಗ ಪಕ್ಕದಲ್ಲಿ ಕೂತ ಮಗು ಪಾವಿನಲ್ಲಿ ತುಂಬಿ ಸುರಿದು ಅಳತೆ ಕಲಿಯುತ್ತಿದ್ದುದಕ್ಕೆ ಯಾರೂ ಹೆಸರೇ ಇಟ್ಟಿರಲಿಲ್ಲ.

ಎಲ್ಲರ ಮರಳು

ಹಳೆಯದೆಲ್ಲ ಚಿನ್ನವೆಂದು ಬೀಗಬೇಕಿಲ್ಲ. ಬಳ್ಳಾರಿಯ ಆ 6,641 ಮಕ್ಕಳಲ್ಲಿ ಹುಡುಗಿಯರು ಕೇವಲ 60. ಹೊಳೆಯ ಮರಳು ಎಲ್ಲ ಮಕ್ಕಳದಾಗಿದ್ದರೂ ಮಠದ ಮರಳು ಎಲ್ಲರದಾಗಿರಲಿಲ್ಲ. ಆ ಬಾಗಿಲು ಹಳ್ಳಿಯ ಎಳೆಯರಿಗೆ ಅಗಲವಾಗಿ ತೆರೆದದ್ದು 1975ರ ಅಕ್ಟೋಬರ್ 2ರಂದು, ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಆರಂಭವಾದಾಗ. ಕರ್ನಾಟಕದಲ್ಲಿ ಅದು ಮೊದಲು ಕಾಲಿಟ್ಟದ್ದು ಮಳವಳ್ಳಿಗೆ ನೆರೆಯ ತಿ. ನರಸೀಪುರದಲ್ಲಿ. ಕಾವೇರಿ, ಕಪಿಲೆ ಕೂಡುವ ಅದೂ ಹೊಳೆದಂಡೆಯ ಊರೇ. ಅಂಗನವಾಡಿಯಲ್ಲಿ ಹೆಣ್ಣು, ಗಂಡು, ಎಲ್ಲ ಕೇರಿಯ ಮಕ್ಕಳೂ ಒಟ್ಟಿಗೆ ಕೂತರು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮೂರರಿಂದ ಎಂಟು ವರ್ಷದವರೆಗಿನ ಕಲಿಕೆ ಆಟದ ಮೂಲಕವೇ ಆಗಬೇಕೆಂದಿದೆ.

ಈಗಿನ ಅಪಾಯ ಬೇರೆ ಬಗೆಯದು. ಒಂದು ಕಡೆ, ಮೂರು ವರ್ಷ ತುಂಬುವುದರೊಳಗೆ ಮಗು ಬರೆಯಬೇಕೆಂಬ ಆತುರ. ಈ ಆತುರಕ್ಕೆ ಸಿಕ್ಕ ತಟ್ಟೆ ಮತ್ತೆ ಕಾಪಿ ಪುಸ್ತಕವಾಗಿ, ಗೂಡು ಕಟ್ಟಬೇಕಾದ ಕೈ 'ಎ, ಬಿ, ಸಿ' ತಿದ್ದುತ್ತದೆ. ಕೂಲಿಮಠ ಕೂಡ ಐದು ವರ್ಷದವರೆಗೆ ಕಾಯುತ್ತಿತ್ತು ಎಂಬುದನ್ನು ಮರೆಯಬಾರದು. ಇನ್ನೊಂದು ಕಡೆ, ಮರಳೇ ಇಲ್ಲವಾಗುತ್ತಿದೆ. ಶಿಂಷೆಯೂ ಸೇರಿದಂತೆ ಹಳೆ ಮೈಸೂರಿನ ಹೊಳೆಗಳ ಮರಳು ಲಾರಿ ಏರಿ ನಗರದ ಗೋಡೆಗಳಾಯಿತು. ಮಕ್ಕಳು ಗೂಡು ಕಟ್ಟುತ್ತಿದ್ದ ಕಡೆ ಗುಂಡಿಗಳು ಬಿದ್ದು, ಹೊಳೆಗಿಳಿಯಬೇಡ ಎಂದು ತಾಯಂದಿರು ಗದರಿಸುವಂತಾಗಿದೆ.

ಹಾಗಾಗಿ ತಟ್ಟೆಯ ಮರಳನ್ನು ಪಟ್ಟಣದ ಷೋಕಿ ಎಂದು ತಳ್ಳಿಹಾಕುವಂತಿಲ್ಲ. ಅದಕ್ಕೆ ದುಬಾರಿ ಸಾಮಾನೂ ಬೇಡ. ಹಳೆಯ ಹರಿವಾಣ, ಜರಡಿ ಹಿಡಿದ ಒಂದು ಸೇರು ಮರಳು, ಎರಡು ತೆಂಗಿನ ಚಿಪ್ಪು ಸಾಕು. ತೀರಾ ಚಿಕ್ಕವರ ಮುಂದೆ ಹುರುಳಿ, ಹುಣಸೆಬೀಜಗಳನ್ನು ಇಡದಿದ್ದರೆ ಒಳ್ಳೆಯದು, ಅವು ಮೂಗಿಗೋ ಗಂಟಲಿಗೋ ಹೋಗುವ ಭಯವಿದೆ. ದೊಡ್ಡವರೊಬ್ಬರು ಹತ್ತಿರ ಕೂತಿರಬೇಕು, ಆದರೆ ಮಗುವಿನ ಕೈ ಹಿಡಿದು ತಿದ್ದಿಸಬಾರದು. ಅಕ್ಷರಕ್ಕೆ ಮುಂದೆ ಬೇಕಾದಷ್ಟು ವರ್ಷಗಳಿವೆ. ಗುಬ್ಬಚ್ಚಿ ಗೂಡಿಗೆ ಇರುವುದು ಕೆಲವೇ ವರ್ಷ.