ಆವಣಿ: ಬಂಡೆಯೇ ಗುಡಿಯಾದ ಬೆಟ್ಟ

ನಾನು 9ನೇ ತರಗತಿಯಲ್ಲಿದ್ದಾಗ ನಮ್ಮ ಸಮಾಜದ ಮೇಷ್ಟ್ರು ನಮ್ಮನ್ನೆಲ್ಲ ಪಕ್ಕದ ಮುಳಬಾಗಿಲು ತಾಲ್ಲೂಕಿನ ಆವಣಿಗೆ ಕರೆದುಕೊಂಡು ಹೋಗಿದ್ದರು. ಕೆಳಗೆ ಪ್ರಾಕಾರದೊಳಗೆ ರಾಮ, ಲಕ್ಷ್ಮಣ, ಭರತ, ಶತ್ರುಘ್ನರ ಹೆಸರಿನ ಈಶ್ವರ ಗುಡಿಗಳು. ನೊಳಂಬರ ಕಾಲದವು, ಅಂದರೆ 10ನೇ ಶತಮಾನದ ಆಸುಪಾಸಿನವು. ಅವುಗಳಲ್ಲಿ ಲಕ್ಷ್ಮಣೇಶ್ವರ ಗುಡಿಯ ಕೆತ್ತನೆಯೇ ಹೆಚ್ಚು ಚೆಂದ. ಅದೇ ಶತಮಾನದಲ್ಲಿ ತ್ರಿಭುವನಕರ್ತ ಎಂಬ ಶೈವ ಯತಿ ಇಲ್ಲಿ 40 ವರ್ಷ ಸ್ಥಾನಾಧಿಪತಿಯಾಗಿದ್ದು, 50 ಗುಡಿಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಕಟ್ಟಿಸಿದನೆಂದು ಶಾಸನ ಹೇಳುತ್ತದೆ. ಕೆರೆಯನ್ನು ಗುಡಿಯ ಜೊತೆಗೇ ಲೆಕ್ಕಕ್ಕೆ ಹಿಡಿದಿದ್ದಾರೆ, ನಮ್ಮ ಬಯಲುಸೀಮೆಯವರಲ್ಲವೇ!

ನಮಗೆ ಹುಡುಗರಿಗೆ ಬೇಕಿದ್ದದ್ದು ಮಾತ್ರ ಬೆಟ್ಟ. ಅಲ್ಲಿ ಒಂದಕ್ಕೊಂದು ಒರಗಿದ ದೈತ್ಯ ಗುಂಡುಗಳ ನಡುವಿನ ಸಂದು, ಗವಿಗಳೇ ವಾಲ್ಮೀಕಿ ಆಶ್ರಮ, ಲವಕುಶರು ಹುಟ್ಟಿದ ಜಾಗ. ಇನ್ನೂ ಮೇಲೆ ಸೀತೆಯ ಗುಡಿ. ಕಲ್ಲು ಮೊದಲು ಇತ್ತು, ಕಥೆ ಆಮೇಲೆ ಬಂತು, ಗೋಡೆ ಕೊನೆಗೆ ಎದ್ದಿತು ಎಂದೇ ನನ್ನ ಎಣಿಕೆ.

ವರ್ಷಗಳ ನಂತರ ಬೆಂಗಳೂರಿನ ಆಫೀಸಿನಲ್ಲಿ ಸಹೋದ್ಯೋಗಿಯೊಬ್ಬರು ಪೆರು ದೇಶದ ಮಾಚು ಪಿಚು ಫೋಟೋ ತೋರಿಸಿದಾಗ ಆವಣಿಯೇ ನೆನಪಾಯಿತು. 15ನೇ ಶತಮಾನದ ಇಂಕಾ ಜನ ಅಲ್ಲಿ ಸಹಜ ಗವಿಯ ಮೇಲೆಯೇ, ಬಂಡೆಯ ಬಾಗಿಗೆ ತಕ್ಕಂತೆ ಗೋಡೆಯನ್ನು ಬಾಗಿಸಿ ಸೂರ್ಯನ ಗುಡಿ ಕಟ್ಟಿದರು. ಇಂಟಿವಟಾನ ಎಂಬ ಪೂಜ್ಯ ಕಲ್ಲನ್ನು ಬೆಟ್ಟದಿಂದ ಬೇರ್ಪಡಿಸದೆ ಇದ್ದಲ್ಲೇ ಕಡೆದರು. ಅವರಲ್ಲಿ ಕಬ್ಬಿಣದ ಉಳಿ ಇರಲಿಲ್ಲ, ಕಲ್ಲಿನಿಂದಲೇ ಕಲ್ಲನ್ನು ಕುಟ್ಟಿ ತಿದ್ದಿದರು. ನಮ್ಮವರಿಗೆ ಉಳಿಯೂ ಇತ್ತು, ಶಾಸನ ಬರೆಯಲು ಲಿಪಿಯೂ ಇತ್ತು. ಆದರೂ ಬೆಟ್ಟದ ಮೇಲಿನ ಗುಂಡುಗಳನ್ನು ಹಾಗೇ ಬಿಟ್ಟರು.

2000ದಲ್ಲಿ ಜಾಹೀರಾತು ಚಿತ್ರೀಕರಣದ ಕ್ರೇನ್ ಬಿದ್ದು ಆ ಇಂಟಿವಟಾನದ ಅಂಚು ಒಡೆಯಿತು. ಓದಿ ಸಿಟ್ಟು ಬಂತು. ಆಮೇಲೆ ನನ್ನದೂ ನೆನಪಾಯಿತು. ಆವಣಿಯ ಒಂದು ಗುಂಡಿನ ಮೇಲೆ ಚೂಪುಗಲ್ಲಿನಿಂದ ನನ್ನ ಹೆಸರನ್ನೂ ಸೆಕ್ಷನ್ನನ್ನೂ ಗೀಚಿದವನು ನಾನೇ. ನನ್ನ ಅಡುಗೆಮನೆ ಕಟ್ಟೆಗೆ ಹಾಸಿರುವ ಗ್ರಾನೈಟ್ ಕೂಡ ಇಂಥದೇ ಯಾವುದೋ ಬೆಟ್ಟದ್ದು. ನಮ್ಮ ಜಿಲ್ಲೆಯಲ್ಲಿ ಕ್ವಾರಿಗೆ ಕರಗಿದ ಗುಡ್ಡಗಳು ಬಸ್ಸಿನ ಕಿಟಕಿಯಿಂದಲೇ ಕಾಣುತ್ತವೆ. ಶಾಸನವಿರುವ ಕಲ್ಲಿಗಾದರೂ ಇಲಾಖೆಯ ಫಲಕವಿದೆ, ಬರೀ ಕಥೆಯಿರುವ ಗುಂಡಿಗೆ ಅದೂ ಇಲ್ಲ.

ಕಳೆದ ಶಿವರಾತ್ರಿ ಜಾತ್ರೆಗೆ ಮಗಳನ್ನು ಕರೆದುಕೊಂಡು ಹೋಗಿದ್ದೆ. ಹೆಸರು ಮಾಸಿದೆ, ಸೆಕ್ಷನ್ "ಬಿ" ಇನ್ನೂ ಓದಲು ಬರುತ್ತದೆ. "ಇದು ಯಾರದಪ್ಪಾ?" ಎಂದು ಕೇಳಿದಳು. ಹೇಳಿದೆ.