ನಳಿಗೆಯೊಳಗಿನ ಗೀರು: ಭೀಮಾ ತೀರದ ಹಳೆಯ ಬಂದೂಕಿಗೆ ಬೆಲೆ ಕಟ್ಟುವ ಬಗೆ

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಹಳೆಯ ವಾಡೆಗಳಲ್ಲಿ ಮಹಾನವಮಿಯ ಖಂಡೆ ಪೂಜೆಗೆ ಕತ್ತಿ, ಬರ್ಚಿಗಳ ಜೊತೆ ಒಮ್ಮೊಮ್ಮೆ ಬಾಯಿಂದ ಮದ್ದು ತುಂಬುವ ಬಂದೂಕೂ ಹೊರಗೆ ಬರುತ್ತದೆ. ನೋಡಿದವರು ಮೊದಲು ಕೇಳುವುದು ಇದಕ್ಕೆ ಎಷ್ಟು ಬರಬಹುದು ಎಂದು. ಪ್ರಶ್ನೆ ಸಹಜವಾದದ್ದೇ. ಆದರೆ ಉತ್ತರವನ್ನು ದೂರದ ಹರಾಜುಕಟ್ಟೆಯ ದರದಿಂದ ತೆಗೆಯುವ ರೂಢಿ ತಪ್ಪು ಎಂಬುದು ಈ ಲೇಖನದ ವಾದ. ಬಂದೂಕು ಯಾವುದು, ಯಾರ ಕೈದಾಟಿ ಬಂತು ಎಂಬುದನ್ನು ವಸ್ತುವಿನಿಂದಲೇ ಓದಿಕೊಳ್ಳಬೇಕು. ಬೆಲೆಯ ಮಾತು ಆಮೇಲಿನದು.

ಓದು ನಳಿಗೆಯ ಬಾಯಿಂದ ಶುರುವಾಗುತ್ತದೆ. ಹಳೆಯದೆಲ್ಲ ರೈಫಲ್ ಅಲ್ಲ. ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ಕೊರೆದ ಗೀರುಗಳಿದ್ದರೆ ಮಾತ್ರ ಆ ಹೆಸರು ಸಲ್ಲುತ್ತದೆ. 1853ರ ಮಾದರಿಯ ಎನ್‌ಫೀಲ್ಡ್ ರೈಫಲ್ಲಿನಲ್ಲಿ ಇಂಥ ಮೂರು ಗೀರುಗಳಿವೆ. ಅದರ ನಳಿಗೆ 39 ಇಂಚು ಉದ್ದ, ಒಳವ್ಯಾಸ 0.577 ಇಂಚು, ಎಂದರೆ ಸುಮಾರು 14.7 ಮಿಲಿಮೀಟರ್. ಅದಕ್ಕೂ ಹಿಂದಿನ ಬ್ರನ್ಸ್‌ವಿಕ್ ರೈಫಲ್ಲಿಗೆ ಎರಡೇ ಗೀರು, ಅದರ ನಳಿಗೆಯೂ ದಪ್ಪ. 1857ರ ದಂಗೆಯಾದ ಮೇಲೆ ಭಾರತೀಯ ಸಿಪಾಯಿಗಳ ಕೈಗೆ ಗೀರುಳ್ಳ ನಳಿಗೆ ಕೊಡಲು ಬ್ರಿಟಿಷರು ಹಿಂಜರಿದರು. ಅವರಿಗೆಂದೇ 1858ರಲ್ಲಿ ಬೇರೊಂದು ಮಾದರಿ ಬಂತು. ಹೊರಗಿನಿಂದ ನೋಡಿದರೆ ಎನ್‌ಫೀಲ್ಡಿನಂತೆಯೇ. ಒಳಗೆ ನುಣುಪು, ವ್ಯಾಸ ಸುಮಾರು 0.656 ಇಂಚು. ಗುರಿ ಮುಟ್ಟುವ ದೂರ ಕುಗ್ಗಿತು, ಕುಗ್ಗಿಸಬೇಕೆಂಬುದೇ ಉದ್ದೇಶ. ಒಂದು ಆಳ್ವಿಕೆಯ ಭಯ ಹೀಗೆ ಎರಡು ಮಿಲಿಮೀಟರಿನ ವ್ಯತ್ಯಾಸವಾಗಿ ಉಕ್ಕಿನಲ್ಲಿ ಉಳಿದಿದೆ. ಅಳತೆಗೋಲು ಹಿಡಿದವರಿಗೆ ಇಷ್ಟು ಸ್ಪಷ್ಟವಾಗಿ ಮಾತಾಡುವ ದಾಖಲೆ ಸುಲಭಕ್ಕೆ ಸಿಗದು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಚರೆ ಹಾಕಿ ಬೇಟೆಯಾಡಲು ಅನುಕೂಲವಾಗಲೆಂದು ಗೀರುಳ್ಳ ನಳಿಗೆಯನ್ನೂ ಕೊರೆಸಿ ನುಣುಪು ಮಾಡಿಸುವುದುಂಟು. ನುಣುಪಾಗಿದೆ ಎಂದ ಮಾತ್ರಕ್ಕೆ ಸಿಪಾಯಿಯ ಮಾದರಿ ಎಂದು ತೀರ್ಮಾನಿಸುವಂತಿಲ್ಲ. ವ್ಯಾಸ, ನಳಿಗೆಯ ಗೋಡೆಯ ದಪ್ಪ, ಗುರಿಪಟ್ಟಿ ಮೂರೂ ಒಂದಕ್ಕೊಂದು ಹೊಂದಬೇಕು.

ಮುಂದಿನದು ಕುದುರೆ ಕೂತ ಉಕ್ಕಿನ ಪಟ್ಟಿ. ಹಿಂಗಾಲ ಮೇಲೆ ನಿಂತ ಸಿಂಹದ ಮುದ್ರೆಯಿದ್ದರೆ ಅದು ಈಸ್ಟ್ ಇಂಡಿಯಾ ಕಂಪನಿಯದು. ಹೃದಯಾಕಾರದ ಮುದ್ರೆ ಇನ್ನೂ ಹಿಂದಿನದು. 1858ರಲ್ಲಿ ಕಂಪನಿಯ ಆಡಳಿತವೇ ಮುಗಿದದ್ದರಿಂದ ಸಿಂಹವು ಕಾಲಕ್ಕೆ ಒಂದು ಗಡಿ ಹಾಕಿಕೊಡುತ್ತದೆ. ಆದರೆ ಇಂಥ ಮುದ್ರೆಗಳನ್ನು ಹೊಸದಾಗಿ ಹೊಡೆಯುವವರೂ ಇದ್ದಾರೆ. ಆದ್ದರಿಂದ ಪಟ್ಟಿಯ ಒಳಮೈ, ತಿರುಪುಗಳ ತಲೆ, ಮರದಲ್ಲಿ ಅದು ಕೂತ ಗುಳಿ ಇವುಗಳಲ್ಲೂ ಅದೇ ವಯಸ್ಸು ಕಾಣಬೇಕು. ಉರಿಯುವ ಬತ್ತಿಯಿಂದ ಮದ್ದಿಗೆ ಕಿಡಿ ಮುಟ್ಟಿಸುವ ಜಾಮಗಿಯ ಬಂದೂಕುಗಳ ಸಂಗತಿ ಬೇರೆ. ಅವು ಬಹುಪಾಲು ದೇಸಿ ಕೆಲಸ, ಮುದ್ರೆ ಅಪರೂಪ. ಅಲ್ಲಿ ಉಕ್ಕಿನ ಪಟ್ಟಿಗಳನ್ನು ಹೊಸೆದು ಬೆಸೆದ ನಳಿಗೆಯ ನೀರಲೆಯಂಥ ಗೆರೆಗಳೇ ಕಮ್ಮಾರನ ರುಜು.

ನಿಜಾಮರ ಸೀಮೆಯ ವಸ್ತುವಿನ ಮೇಲೆ ಇಸವಿಯಿದ್ದರೆ ಇನ್ನೊಂದು ತೊಡಕು. 1275 ಎಂದು ಕೆತ್ತಿದ್ದರೆ ಅದು ಹಿಜರಿಯೋ ಕಂದಾಯ ಲೆಕ್ಕದ ಫಸಲಿಯೋ? ಹಿಜರಿಯಾದರೆ 1858–59, ಫಸಲಿಯಾದರೆ 590 ಕೂಡಿಸಿ 1865–66. ಏಳು ವರ್ಷದ ಅಂತರ ಸಣ್ಣದೆನಿಸಬಹುದು. ಆದರೆ 1858 ಈ ಸೀಮೆಗೆ ಸಾಧಾರಣ ವರ್ಷವಲ್ಲ.

ಜೇವರ್ಗಿಯ ನೆರೆಯ ಸುರಪುರದ ಸಂಸ್ಥಾನದಲ್ಲಿ ಬೇಡ ಪಡೆಗಳು ರಾಜಾ ವೆಂಕಟಪ್ಪ ನಾಯಕರ ಜೊತೆ ನಿಂತು ಬ್ರಿಟಿಷರ ಮೇಲೆ ಕಾದಿದ್ದು ಆ ವರ್ಷದ ಫೆಬ್ರವರಿಯಲ್ಲಿ. ಅದಕ್ಕೂ ಮೊದಲು, 1857ರ ನವೆಂಬರಿನಲ್ಲಿ, ನಿಶ್ಶಸ್ತ್ರೀಕರಣ ಕಾಯ್ದೆಯಂತೆ ಆಯುಧ ಒಪ್ಪಿಸಲು ನಿರಾಕರಿಸಿದ ಹಲಗಲಿಯ ಬೇಡರು ಊರನ್ನೇ ಕಳೆದುಕೊಂಡರು. ಈ ಮೂರು ತಾಲೂಕುಗಳಿದ್ದ ನಿಜಾಮರ ರಾಜ್ಯದ ಗಡಿಯಿದ್ದದ್ದೂ ಹತ್ತಿರದಲ್ಲೇ. ಆಳಂದದ ಮಗ್ಗುಲಿಗೆ ಅಕ್ಕಲಕೋಟೆ ಸಂಸ್ಥಾನ, ಅಫಜಲಪುರದಿಂದ ಭೀಮೆ ದಾಟಿದರೆ ಮುಂಬಯಿ ಇಲಾಖೆಯ ಇಂಡಿ. 1878ರ ಆಯುಧ ಕಾಯ್ದೆ ಬ್ರಿಟಿಷ್ ಇಂಡಿಯಾದ್ದು. ನಿಜಾಮರ ರಾಜ್ಯಕ್ಕೆ ತನ್ನದೇ ಕಾನೂನು. ಹೀಗಾಗಿ ಒಂದೇ ಬಂದೂಕು ಹೊಳೆಯ ಈ ದಡದಲ್ಲಿ ಒಂದು ಬಗೆಯ ಆಸ್ತಿ, ಆ ದಡದಲ್ಲಿ ಇನ್ನೊಂದು. ಈ ಮೂರು ತಾಲೂಕುಗಳ ಬಂದೂಕುಗಳಿಗೆ ವಿಶೇಷ ಮಹತ್ವ ಬರುವುದು ಇಲ್ಲಿಂದ ಎಂದು ನನ್ನ ಅಭಿಪ್ರಾಯ.

ಮನೆಯವರ ಮಾತನ್ನೂ ಇದೇ ಬೆಳಕಿನಲ್ಲಿ ಕೇಳಬೇಕು. ‘ಇದು ರಜಾಕಾರರ ಕಾಲದ್ದು’ ಎಂದು ಅಜ್ಜ ಹೇಳಿದ್ದು, ಪಟ್ಟಿಯ ಮೇಲೆ 1850ರ ದಶಕದ ಇಸವಿ ಇದ್ದರೆ, ಅಜ್ಜನ ಮಾತು ಸುಳ್ಳೆಂದು ತಳ್ಳುವವರಿದ್ದಾರೆ. ತಳ್ಳಬಾರದು. ಬಂದೂಕು ಹುಟ್ಟಿದ ಕಾಲ ಒಂದು, ಅದು ಬಾಳಿದ ಕಾಲ ಇನ್ನೊಂದು. 1948ರ ಸೆಪ್ಟೆಂಬರ್ 13ರಿಂದ 17ರವರೆಗೆ ನಿಜಾಮರ ರಾಜ್ಯದ ಮೇಲೆ ನಡೆದ ಪೊಲೀಸ್ ಕಾರ್ಯಾಚರಣೆಗೆ ಮುಂಚಿನ ರಜಾಕಾರರ ದಿನಗಳಲ್ಲಿ ನೂರು ವರ್ಷದ ಬಂದೂಕು ಬಾಗಿಲ ಹಿಂದೆ ನಿಂತಿರಲು ಅಡ್ಡಿಯೇನಿಲ್ಲ. ಉರ್ದುವಿನ ಪರವಾನಗಿಯೋ ಮೋಡಿ ಲಿಪಿಯ ಪಾಲುಪತ್ರವೋ ಆ ಮಾತಿಗೆ ಜೊತೆಯಾದರೆ ಬಂದೂಕಿನ ತೂಕ ಬೇರೆಯೇ ಆಗುತ್ತದೆ.

ಇನ್ನು ಹಣದ ಮಾತು. 2015ರಲ್ಲಿ ಲಂಡನ್ನಿನ ಬೋನಮ್ಸ್ ಹರಾಜಿನಲ್ಲಿ ಟಿಪ್ಪುವಿನ ಒಂದು ಚಕಮಕಿ ಬೇಟೆಬಂದೂಕು 7,22,500 ಪೌಂಡಿಗೆ ಹೋಯಿತು. ಈ ಅಂಕಿ ನೋಡಿದವರ ಕಣ್ಣು ಕುಕ್ಕುತ್ತದೆ, ಆದರೆ ಅದು ಅರಸನ ಹೆಸರಿಗೆ ಬಂದ ಬೆಲೆ. ಸಾಮಾನ್ಯ ಸೈನಿಕನ ಬಂದೂಕಿನ ಗತಿ ತಿಳಿಯಲು ಕಠ್ಮಂಡುವಿನ ಕಡೆ ನೋಡಬೇಕು. 2003ರಲ್ಲಿ ನೇಪಾಳದ ಹಳೆಯ ಶಸ್ತ್ರಾಗಾರದಿಂದ ಸುಮಾರು 50,000 ಬಂದೂಕುಗಳನ್ನು ಅಮೆರಿಕದ ವ್ಯಾಪಾರಿಗಳು ಕೊಂಡೊಯ್ದರು. ಬ್ರನ್ಸ್‌ವಿಕ್, ಎನ್‌ಫೀಲ್ಡ್ ಮಾದರಿಗಳು ರಾಶಿಯಾಗಿ ಪೇಟೆಗೆ ಬಂದ ಮೇಲೆ ಅಪರೂಪವೆಂಬ ಮಾತಿಗೆ ಮೊದಲಿನ ಬಲ ಉಳಿಯಲಿಲ್ಲ. ಹೊರಗಿನ ದರವನ್ನು ನೆಚ್ಚದಿರಲು ಇದಕ್ಕಿಂತ ಮುಖ್ಯವಾದ ಕಾರಣ ನಮ್ಮ ಕಾನೂನಿನಲ್ಲಿದೆ. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಐತಿಹಾಸಿಕ ವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ. ಹೊರಗೆ ಹೋಗಲಾಗದ ವಸ್ತುವಿಗೆ ಹೊರಗಿನ ದರ ಹಚ್ಚುವುದು ಹೇಗೆ?

ಒಳಗಿನ ಪೇಟೆಗೂ 1959ರ ಆಯುಧ ಕಾಯ್ದೆಯ ಕಟ್ಟು ಇದೆ. ಅದರ 45ನೇ ಕಲಮು ಬಳಕೆತಪ್ಪಿದ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧಕ್ಕೆ ವಿನಾಯಿತಿ ಕೊಡುತ್ತದೆ, ಆದರೆ ದುರಸ್ತಿ ಮಾಡಿದರೂ ಅದು ಹಾರುವಂತಿರಬಾರದು. ಹಾರಬಲ್ಲ ಬಂದೂಕಿಗೆ, ಎಷ್ಟೇ ಹಳೆಯದಿರಲಿ, ಪರವಾನಗಿ ಬೇಕೇ ಬೇಕು. ಇಲ್ಲಿ ನನಗೆ ನಿಜವಾಗಿ ನೋವಾಗುವ ಒಂದು ಇಕ್ಕಟ್ಟಿದೆ. ವಿನಾಯಿತಿಗೆಂದು ನಳಿಗೆಗೆ ತೂತು ಕೊರೆದರೆ, ಒಳಗೆ ಬೆಸುಗೆ ತುಂಬಿದರೆ, ಮೇಲೆ ಹೇಳಿದ ಗೀರಿನ ಸಾಕ್ಷಿಯೇ ಅಳಿಯುತ್ತದೆ. ಕಾನೂನು ಮೀರಬೇಕೆಂದಲ್ಲ. ಜಿಲ್ಲಾಧಿಕಾರಿ ಕಚೇರಿಗೆ ತಿಳಿಸಿ, ಕೊರೆಯುವ ಮುನ್ನ ಅಳತೆ, ಮುದ್ರೆ, ಗೀರಿನ ಎಣಿಕೆ, ಎಲ್ಲ ಭಾಗಗಳ ಚಿತ್ರ ದಾಖಲಾಗಲಿ. ಮರಳುಕಾಗದದಿಂದ ತಿಕ್ಕಿ ಹೊಳೆಯಿಸುವುದೂ ಇಷ್ಟೇ ಹಾನಿ. ಕಾಲ ಕೂರಿಸಿದ ಕಂದುಬಣ್ಣ ಹೋದರೆ ಸಂಗ್ರಾಹಕನೂ ಬೆಲೆ ಇಳಿಸುತ್ತಾನೆ, ಇತಿಹಾಸಕಾರನಿಗೂ ಓದು ತಪ್ಪುತ್ತದೆ.

ಇವೆಲ್ಲಕ್ಕೂ ಮೊದಲು ಮಾಡಬೇಕಾದ ಕೆಲಸ ಒಂದಿದೆ. ಹಲವು ದಶಕಗಳ ಹಿಂದೆ ತುಂಬಿದ ಮದ್ದು ನಳಿಗೆಯಲ್ಲಿ ಇನ್ನೂ ಕೂತಿರಬಹುದು. ಬಾಯಿಯ ಮುಂದೆ ಯಾರೂ ನಿಲ್ಲದೆ, ಪಕ್ಕದಿಂದ ಒಂದು ಮರದ ಕಡ್ಡಿಯನ್ನು ಮೆಲ್ಲಗೆ ತಳದವರೆಗೆ ಇಳಿಸಿ ಬಾಯಿಯ ಮಟ್ಟಕ್ಕೆ ಗುರುತು ಹಾಕಬೇಕು; ಅದನ್ನು ಹೊರಗಿಟ್ಟು, ಮದ್ದಿಗೆ ಕಿಡಿ ಹೋಗುವ ಕಿವಿಯ ತೂತಿನವರೆಗೆ ಅಳೆಯಬೇಕು. ಕಡ್ಡಿ ಎರಡು ಮೂರು ಬೆರಳಷ್ಟು ಮೊದಲೇ ನಿಂತಿದ್ದರೆ ಬಂದೂಕು ಇನ್ನೂ ತುಂಬಿದೆ. ಅದನ್ನು ಮುಟ್ಟದೆ ಬಲ್ಲವರನ್ನು ಕರೆಸಬೇಕು.