ಬಿದ್ದ ಮೇಲೆ ಏಳುವುದು: ವೃದ್ಧಾಪ್ಯದ ಒಂದು ಅಲಕ್ಷಿತ ಸಾಮರ್ಥ್ಯ

ವಯಸ್ಸಾದವರು ಬೀಳದಂತೆ ತಡೆಯುವ ಬಗೆಗೆ ಸಾಕಷ್ಟು ಚರ್ಚೆ ನಡೆದಿದೆ; ಬಿದ್ದವರು ಏಳುವ ಬಗೆಗೆ ಅಷ್ಟು ನಡೆದಿಲ್ಲ. ಇವೆರಡೂ ಒಂದೇ ತೊಂದರೆಯಲ್ಲ ಎಂಬುದಕ್ಕೆ ಹಳೆಯ ಪುರಾವೆಯೇ ಇದೆ. ಅಮೆರಿಕದ ನ್ಯೂ ಹೇವನ್‌ನಲ್ಲಿ 72 ವರ್ಷ ತುಂಬಿದ 1,103 ಜನರನ್ನು ಗಮನಿಸಿದ ಮೇರಿ ಟಿನೆಟ್ಟಿ ಮತ್ತು ಸಂಗಡಿಗರು 1993ರಲ್ಲಿ ಕೊಟ್ಟ ವರದಿಯಂತೆ, ಬಿದ್ದರೂ ಪೆಟ್ಟಾಗದ 313 ಮಂದಿಯಲ್ಲಿ 148 ಮಂದಿಗೆ ಒಮ್ಮೆಯಾದರೂ ತಾವಾಗಿ ಏಳಲಾಗಿರಲಿಲ್ಲ. ಮೂಳೆ ಮುರಿದಿರಲಿಲ್ಲ, ಆದರೂ ನೆಲ ಬಿಡಲಿಲ್ಲ. ತಾಸುಗಟ್ಟಲೆ ಹಾಗೆಯೇ ಬಿದ್ದಿದ್ದರೆ ಮೈಯ ನೀರಿನಂಶ ಇಳಿಯುತ್ತದೆ, ಒತ್ತುಹುಣ್ಣು ಏಳುತ್ತದೆ, ನಜ್ಜಾದ ಸ್ನಾಯುವಿನಿಂದ ರಕ್ತಕ್ಕೆ ಸೇರುವ ವಸ್ತುಗಳು ಮೂತ್ರಪಿಂಡವನ್ನೇ ಕೆಡಿಸಬಹುದು. ಹಾಗಾಗಿ ಏಳುವುದನ್ನು ಬೇರೆಯಾಗಿ ಅಳೆಯಬೇಕು, ಬೇರೆಯಾಗಿ ಕಲಿಸಬೇಕು ಎಂಬುದು ಇಲ್ಲಿನ ವಾದ.

ಅಳತೆ ಆಗಲೇ ಇದೆಯಲ್ಲ ಎನ್ನಬಹುದು. ಬ್ರೆಜಿಲ್‌ನ ಸಂಶೋಧಕರು 51ರಿಂದ 80 ವರ್ಷದ 2,002 ಜನರಿಗೆ ಮಾಡಿದ, 2012ರಲ್ಲಿ ಪ್ರಕಟವಾದ ಕೂತು-ಏಳುವ ಪರೀಕ್ಷೆ ಪ್ರಸಿದ್ಧ. ನೆಲದ ಮೇಲೆ ಕೂರಲು 5, ಅಲ್ಲಿಂದ ಏಳಲು 5 ಅಂಕ. ಕೈಯನ್ನೋ ಮೊಣಕಾಲನ್ನೋ ಊರಿದರೆ ಪ್ರತಿ ಸಲ ಒಂದು ಅಂಕ ಕಡಿತ. ಕಡಿಮೆ ಅಂಕದವರಲ್ಲಿ ಸಾವಿನ ಪ್ರಮಾಣ ಹೆಚ್ಚು ಕಂಡಿತು. ಆದರೆ ಅದು ಸಹಸಂಬಂಧ, ಕಾರಣವಲ್ಲ; ಸೊರಗಿದ ದೇಹದ ಸೂಚನೆಯಷ್ಟೇ ಆಗಿರಬಹುದು. ಅದಕ್ಕಿಂತ ಮುಖ್ಯವಾಗಿ, ಆ ಪರೀಕ್ಷೆ ಕುಂದೆಂದು ಎಣಿಸುವ ಆಸರೆಯೇ ಬಿದ್ದ ಮುದುಕರನ್ನು ಮೇಲೆತ್ತುವ ಉಪಾಯ: ಮಗ್ಗುಲಾಗಿ ಹೊರಳಿ, ಮೊಣಕೈ ಊರಿ, ಅಂಬೆಗಾಲಿನಲ್ಲಿ ಕುರ್ಚಿಯ ತನಕ ಸಾಗಿ, ಅದರ ಮೇಲೆ ಎರಡೂ ಅಂಗೈ ಒತ್ತಿ, ಬಲವಿರುವ ಕಾಲಿನ ಪಾದವನ್ನು ಮುಂದಿಟ್ಟು ಏಳುವುದು. ಇಲ್ಲಿ ಚಂದಕ್ಕೆ ಅಂಕ ಬೇಡ, ಎದ್ದರೆ ಸಾಕು.

ಒತ್ತಿ ನೆರವು ಕರೆಯುವ ಕರೆಗುಂಡಿಯೊಂದನ್ನು ಕೊರಳಿಗೆ ಕಟ್ಟಿದರೆ ಸಾಲದೇ ಎಂಬ ಆಕ್ಷೇಪಕ್ಕೆ ಕೇಂಬ್ರಿಜ್‌ನ ಅಧ್ಯಯನ ಉತ್ತರಿಸುತ್ತದೆ. 90 ದಾಟಿದವರ ಕುರಿತ ಆ 2008ರ ವರದಿಯಲ್ಲಿ, ಕರೆಗುಂಡಿ ಇದ್ದೂ, ಒಂಟಿಯಾಗಿ ಬಿದ್ದು ಏಳಲಾಗದವರಲ್ಲಿ ಶೇ. 80ರಷ್ಟು ಮಂದಿ ಅದನ್ನು ಒತ್ತಿರಲೇ ಇಲ್ಲ. ನಮ್ಮಲ್ಲಿ ನೆಲದ ಮೇಲೆ ಕೂರುವ ರೂಢಿಯಿದೆ, ಈ ಚಿಂತೆ ಪರದೇಶದ್ದು ಎಂಬ ಮಾತೂ ನಿಲ್ಲದು. ಮಂಚ, ಊಟದ ಮೇಜು, ಕಮೋಡು ಬಂದ ಮನೆಯಲ್ಲಿ ನೆಲಕ್ಕಿಳಿಯುವ ಸಂದರ್ಭವೇ ಅಪರೂಪ. ಹಾಗಾಗಿ ಏಳುವುದನ್ನು ಇಲ್ಲಿಯೂ ಕಲಿಸಬೇಕು. ಕಲಿಸುವಾಗ ಫಿಸಿಯೋಥೆರಪಿಯಲ್ಲಿರುವ ಒಂದು ಕ್ರಮ ಹಿಂದುಮುಂದಾಗಿ ಸಾಗುತ್ತದೆ: ಮೊದಲು ನಿಂತಲ್ಲಿಂದ ಕುರ್ಚಿ ಹಿಡಿದು ಒಂದು ಮೊಣಕಾಲೂರಿ ಏಳುವುದು, ಅದು ಕೈಗೂಡಿದ ಮೇಲೆ ಇನ್ನೊಂದು ಹಂತ ಕೆಳಗೆ. ಮೊಣಕಾಲೇ ಊರಲಾಗದ ಸಂಧಿವಾತದವರಿಗೆ, ಕೂತಲ್ಲೇ ಹಿಂದಕ್ಕೆ ಸರಿಯುತ್ತಾ ಮೆಟ್ಟಿಲು ತಲುಪಿ, ಒಂದೊಂದೇ ಮೆಟ್ಟಿಲಿಗೆ ಏರಿ ಕೂತು ಏಳುವ ದಾರಿಯನ್ನು ಕಲಿಸಬಹುದು.